ಇಗ್ಗಪ್ಪ ಹೆಗಡೆ ಮದುವೆ ಮತ್ತು ಐದು ಮಾರ್ಕಿನ ಪ್ರಶ್ನೆ

ಕನ್ನಡದ ಮೊದಲ ಸಾಮಾಜಿಕ ನಾಟಕ ಯಾವುದು ಹೇಳಿ ಯಂಗ್ಳ ಬಿ.ಎ. ಪರೀಕ್ಷೆಲಿ ಐದು ಮಾರ್ಕಿಗೆ ಕೇಳ್ತಿದ್ದ. ಉತ್ತರ ಕ್ಲಾಸಿಗೆಲ್ಲ ಬಾಯಿಪಾಠ. ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಗಳು ಬರೆದ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’, 1887. ಹವ್ಯಕ ಆಡುಮಾತಿನಲ್ಲಿದೆ, ಕನ್ಯಾವಿಕ್ರಯದ ವಿಡಂಬನೆ ಇದೆ ಹೇಳಿ ಎರಡು ಸಾಲು ಸೇರ್ಸಿದ್ರೆ ಆತು, ಪೂರ್ತಿ ಮಾರ್ಕು. ಕರ್ಕಿ ಹೇಳಿದ್ರೆ ನಮ್ಮ ಹೊನ್ನಾವರದ ಕರ್ಕಿಯೇ.

ಆ ವರ್ಷ ಕನ್ನಡ ಕಲಿಸ್ತಿದ್ದ ಮೇಷ್ಟ್ರು ಬಯಲುಸೀಮೆ ಬದಿಯವ್ರು. ಪುಸ್ತಕ ತಂದು ಯನ್ನ ಕೈಲಿ ಕೊಟ್ಟು, “ಇದನ್ನ ನಾನು ಓದಿದರೆ ಚೆನ್ನಾಗಿರಲ್ಲಮ್ಮ, ನಿಮ್ಮ ಮನೆಮಾತು, ನೀನೇ ಓದು” ಅಂದ್ರು. ನಿಂಗಕ್ಕೆ ಗೊತ್ತಿದ್ದಲಿ, ನಮ್ಮ ಕೂಸುಗಳು ಬಸ್ಸು ಇಳಿದ ಕೂಡಲೆ ಮಾತು ಬದಲಸ್ತ. ಮನೇಲಿ ‘ಆಸರಿಗೆ ಯಂತಾ ಅಡ್ಡಿಲ್ಲೆ’ ಹೇಳಿ ಕೇಳಿದ ಬಾಯಿ, ಕಾಲೇಜಲ್ಲಿ ‘ಕುಡಿಯೋಕೆ ಏನು ಬೇಕು’ ಹೇಳ್ತು. ಹಾಂಗೆ ಮುಚ್ಚಿಟ್ಟ ಮಾತು ನೂರು ವರ್ಷದ ಹಿಂದೆಯೇ ಅಚ್ಚಾಗಿ, ಸಿಲೆಬಸ್ಸಲ್ಲಿ ಬಂದು ಕೂತಿತ್ತು! ಹಿಂದಿನ ಬೆಂಚಿನ ಮಾಣಿಗಳು ಕಿಸಕ್ಕನೆ ನಗ್ಯಾಡಿದ. ಆನು ಓದ್ತಾ ಹೋದಿ. ಕುಶಿಯೂ ಆತು, ಮೈ ಸಣ್ಣಕೆ ಬೆವರಿತ್ತು ಕೂಡ.

ಆ ಕಾಲದಲ್ಲಿ ನಾಟಕ ಹೇಳಿದ್ರೆ ಯಂತಾ ಇತ್ತು ಹೇಳಿ ಗೊತ್ತಾದ್ರೆ ಮಾತ್ರ ಸೂರಿಗಳು ಮಾಡಿದ ಕೆಲಸ ತಿಳೀತು. ಮೈಸೂರಲ್ಲಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲ ಕನ್ನಡಕ್ಕೆ ತಂದಿದ್ದ. ಮರಾಠಿಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಸಂಗೀತ ಶಾಕುಂತಲ ಶುರು ಮಾಡಿದ್ರು. ನಮ್ಮ ಬದಿಗೆ ಯಕ್ಷಗಾನ. ಎಲ್ಲಿ ನೋಡಿದ್ರೂ ರಾಜ, ಋಷಿ, ರಾಕ್ಷಸ. ಅಂಥದ್ರಲ್ಲಿ ಜಗಲಿಲಿ ಕವಳ ಹಾಕ್ಯಂಡು ಕೂಪಂಥ ಒಬ್ಬ ಹೆಗಡೆ ನಾಟಕದ ನಾಯಕ. ಹೆಸರಿನ ಇನ್ನೊಂದು ತುಂಡು ‘ಅಥವಾ ಕನ್ಯಾವಿಕ್ರಯದ ಪರಿಣಾಮವು’. ಯಾರೋ ದೂರದವ್ರು ಬೈದ್ರೆ ಬಾಗಿಲು ಹಾಕ್ಯಂಬಲಕ್ಕು. ಇದು ನಮ್ಮವನೇ, ನಮ್ಮ ಮಾತಲ್ಲೇ, ನಮ್ಮ ಅಂಗಳಕ್ಕೇ ಬಂದು ಹೇಳಿದ್ದು.

ಈಗಿನ ಮಕ್ಕಗೆ ವರದಕ್ಷಿಣೆ ಗೊತ್ತಿದ್ದು, ತೆರ ಗೊತ್ತಿಲ್ಲೆ. ತೆರ ಹೇಳಿದ್ರೆ ಗಂಡಿನ ಕಡೆಯವ್ರು ಹುಡುಗಿಯ ಅಪ್ಪಂಗೆ ಕೊಡುವ ದುಡ್ಡು. ಕೇಳಲೆ ಒಳ್ಳೆದು ಹೇಳಿ ಕಾಣ್ತು, ಹೆಣ್ಣು ಹೆತ್ತವ್ರಿಗೆ ಭಾರ ಇಲ್ಲೆ ಹೇಳಿ. ಆದ್ರೆ ಒಳಗೆ ನೋಡಿ. ದುಡ್ಡು ಇದ್ದವ ಯಾರು? ಬಡವನಾದ್ರೆ ಕೂಡಿಡ್ತಾ ಕೂಡಿಡ್ತಾ ತಲೆ ಹಣ್ಣಾದವ, ಇಲ್ಲದಿದ್ರೆ ಹೆಂಡತಿ ಸತ್ತು ತೋಟ-ಗದ್ದೆ ಉಳಿದವ. ಕೂಸಿನ ವಯಸ್ಸು ಎಂಟು, ಹತ್ತು. ಅಂವ ಇಪ್ಪದು ಇನ್ನೆಷ್ಟು ವರ್ಷ? ಅದಾದ ಮೇಲೆ ಕೂಸಿಗೆ ಮತ್ತೊಂದು ಮದುವೆ ಇಲ್ಲೆ. ಅಪ್ಪ ಒಂದು ಸಲ ಎಣಿಸಿ ತಗಂಡ, ಮಗಳು ಐವತ್ತು ವರ್ಷ ತೀರ್ಸ್ತಾ ಕೂತ್ಕತ್ತು.

ಇದು ನಮ್ಮ ಜಾತಿ ಒಂದರದ್ದೇ ರೋಗ ಆಗಿತ್ತಿಲ್ಲೆ. ತೆಲುಗಲ್ಲಿ ಗುರಜಾಡ ಅಪ್ಪಾರಾವ್ ‘ಕನ್ಯಾಶುಲ್ಕಂ’ ಬರೆದ್ರು, ಮೊದಲು ಆಡಿದ್ದು 1892ರಲ್ಲಿ, ಅಚ್ಚಾದ್ದು 1897ರಲ್ಲಿ. ಅದರ ಮುನ್ನುಡಿಲಿ ಒಂದು ಲೆಕ್ಕ ಇದ್ದು. ವಿಜಯನಗರಂ ಮಹಾರಾಜರು ವಿಶಾಖಪಟ್ಟಣ ಜಿಲ್ಲೆಯ ಬ್ರಾಹ್ಮಣರ ಮನೆಗಳಲ್ಲಿ ಮೂರು ವರ್ಷದಲ್ಲಿ ಆದ ಇಂಥ ಮದುವೆ ಪಟ್ಟಿ ಮಾಡ್ಸಿದ್ರು. ಒಟ್ಟು 1034. ಅದರಲ್ಲಿ ಐದು ವರ್ಷದ ಕೂಸುಗಳು 99. ಒಂದು ವರ್ಷದ್ದು ಮೂರು. ಒಂದು ವರ್ಷದ ಶಿಶು ಹೇಳಿದ್ರೆ ತೊಟ್ಲಲ್ಲಿ ಇಪ್ಪದು, ಅಕ್ಕಾ! ಮರಾಠಿಯಲ್ಲಿ ದೇವಲರ ‘ಶಾರದಾ’ ಬಂದದ್ದು 1899ರಲ್ಲಿ, ಅದೂ ಮುದುಕಂಗೆ ಕೊಡಲೆ ಹೊರಟ ಕೂಸಿನ ಕಥೆ. ಎರಡಕ್ಕಿಂತಲೂ ಮುಂಚೆ ನಮ್ಮ ಸೂರಿಗಳು. ಈ ಹೆಮ್ಮೆ ಆನು ಬಿಡ್ತಿಲ್ಲೆ.

ಪುಸ್ತಕ ಮನೆಗೆ ತಂದು ಅಮ್ಮಮ್ಮಂಗೆ ಓದಿ ಹೇಳಿದಿ. ಅದು ಅಡಿಕೆ ಸುಲೀತಾ ಮೆಟ್ಟುಗತ್ತಿ ಮುಂದೆ ಕೂತಿತ್ತು. (ಹೊರಗಿನವ್ರು ಓದ್ತಿದ್ರೆ ಹೇಳಿಬಿಡ್ತಿ, ನಮ್ಮ ಮಾತಲ್ಲಿ ಹೆಂಗಸ್ರನ್ನ ‘ಅದು’ ಹೇಳೇ ಹೇಳದು, ಮರ್ಯಾದೆ ಕಮ್ಮಿ ಹೇಳಿ ಅಲ್ಲ.) ಮೊದಮೊದಲು ರಾಶಿ ನಗ್ಯಾಡ್ತು. “ಇವ ನಮ್ಮ ಮೇಲಿನಕೇರಿಯವನೇ ಸೈ” ಹೇಳ್ತು. ಸ್ವಲ್ಪ ಹೊತ್ತಿಗೆ ನಗೆ ನಿಂತ್ತು, ಕೈಯೂ ನಿಂತ್ತು.

“ಯನ್ನ ಅಜ್ಜಿಯನ್ನ ಹಾಂಗೇ ತಂದದ್ದು” ಹೇಳ್ತು.

ಆ ಅಜ್ಜಿಗೆ ಕೊಟ್ಟ ತೆರಕ್ಕೆ ಮನೆಯ ಒಂದು ವರ್ಷದ ಅಡಿಕೆ ಪೂರ್ತಿ ಹೋಗಿತ್ತಡ. ಅನ್ನ ಸೀದರೆ ಅತ್ತೆ ಹೇಳ್ತಿದ್ದ ಮಾತು, “ವರ್ಷದ ಅಡಿಕೆ ಕೊಟ್ಟು ತಂದಿದ್ದು, ಸೀದ್ಸಲೆ ಅಲ್ಲ.” ಎರಡು ಮಕ್ಕ ಆಪ್ಪದರೊಳಗೆ ಗಂಡ ಹೋದ. ಅಮ್ಮಮ್ಮ ಕಂಡದ್ದು ಕೆಂಪು ಸೀರೆ, ಬೋಳು ತಲೆಯ ಅಜ್ಜಿಯನ್ನೇ. ಮುದುಕಿ ಆದಮೇಲೂ ಅಡಿಕೆ ಕೊಯ್ಲಿನ ದಿನ ಅದು ಅಂಗಳಕ್ಕೆ ಇಳೀತಿತ್ತಿಲ್ಲೆ, ಒಳಗೇ ಕೂರ್ತಿತ್ತಡ. ಅಮ್ಮಮ್ಮನ ಮದುವೆ ಕಥೆಯೂ ಚಂದ ಯಂತಾ ಇಲ್ಲೆ. 1929ರಲ್ಲಿ ಸಾರ್ದಾ ಕಾನೂನು ಆತು, ಹುಡುಗಿಗೆ ಹದಿನಾಲ್ಕು ಆಗದೆ ಮದುವೆ ಮಾಡಲಾಗ ಹೇಳಿ. ಜಾರಿಗೆ ಬಂದದ್ದು 1930ರ ಏಪ್ರಿಲ್ 1ಕ್ಕೆ. ಆ ನಡುವಿನ ತಿಂಗಳಲ್ಲಿ ಊರೂರಲ್ಲಿ ಗಡಿಬಿಡಿ ಮದುವೆ. ಅಮ್ಮಮ್ಮಂದೂ ಅದರಲ್ಲೊಂದು, ಒಂಬತ್ತು ವರ್ಷ ಆಗಿತ್ತು. ತೆರ ಮಾತ್ರ ಆವಾಗ ನಿಂತಿತ್ತು.

ಅವತ್ತಿಂದ ಆ ನಾಟಕದ ಬಗ್ಗೆ ಯನ್ನ ವಿಚಾರ ಬೇರೆ ಆತು. ಪ್ರಹಸನ ಹೇಳಿದ್ರೆ ನಗ್ಸದು. ಇಂಥ ನಾಟಕದಲ್ಲಿ ನಗೆ ಬೀಳದು ಮುದುಕನ ಮೇಲೆ, ದುಡ್ಡು ಎಣಿಸುವ ಅಪ್ಪನ ಮೇಲೆ. ಅದು ಬೇಕಾದ್ದೇ, ಭಾಷಣಕ್ಕಿಂತ ಜೋರಾಗಿ ತಾಗ್ತು. ಆದ್ರೆ ಮೂರೂ ನಾಟಕ ಬರದವ್ರು ಗಂಡಸ್ರು, ಆಗಿನ ರಂಗದ ಮೇಲೆ ಹೆಣ್ಣಿನ ಪಾರ್ಟು ಮಾಡ್ತಿದ್ದವ್ರೂ ಗಂಡಸ್ರೇ. ‘ಕನ್ಯಾಶುಲ್ಕ’ದಲ್ಲಂತೂ ಮುದುಕಂಗೆ ಮಾರಲೆ ಬಪ್ಪದು ಕೂಸಿನ ವೇಷ ಹಾಕಿದ ಒಬ್ಬ ಮಾಣಿ! ನಗಲೆ ಚೊಲೋ ಇದ್ದು. ಆದ್ರೆ ವೇಷ ಕಳಚಿ ಓಡಲೆ ಅಮ್ಮಮ್ಮನ ಅಜ್ಜಿಗೆ ಆಗ್ತಿತ್ತಾ?

ಕೂಸು ತಾನೇ ಮಾತಾಡಿದ್ದು ಬೇಕಾದ್ರೆ ಬೇರೆ ಕಡೆ ಹುಡುಕಕು. ಅದೇ 1887ರಲ್ಲಿ, ನಮ್ಮ ಜಿಲ್ಲೆ ಆಗ ಸೇರಿದ್ದ ಮುಂಬೈ ಪ್ರಾಂತ್ಯದಲ್ಲೇ, ರುಖ್ಮಾಬಾಯಿ ಕೋರ್ಟಲ್ಲಿ ನಿಂತಿದ್ರು. ಹನ್ನೊಂದು ವರ್ಷಕ್ಕೆ ಮದುವೆ, ದೊಡ್ಡಾದ ಮೇಲೆ ಗಂಡನ ಮನೆಗೆ ಹೋಪಲೆ ಒಪ್ಪಿದ್ವಿಲ್ಲೆ. ಗಂಡ ದಾದಾಜಿ 1884ರಲ್ಲಿ ದಾವೆ ಹಾಕಿದ. 1885ರಲ್ಲಿ ಹೆಸರು ಹಾಕದೆ ‘ಒಬ್ಬ ಹಿಂದೂ ಮಹಿಳೆ’ ಹೇಳಿ ಟೈಮ್ಸ್ ಆಫ್ ಇಂಡಿಯಾಕ್ಕೆ ಬಾಲ್ಯವಿವಾಹದ ಮೇಲೆ ಪತ್ರ ಬರೆದ್ರು. 1887ರ ಮಾರ್ಚಲ್ಲಿ ಕೋರ್ಟು, ಗಂಡನ ಮನೆಗೆ ಹೋಗು, ಇಲ್ಲದಿದ್ರೆ ಆರು ತಿಂಗಳು ಜೈಲು ಹೇಳ್ತು. ಜೈಲಿಗೇ ಹೋಗ್ತಿ ಅಂದ್ರು. ಮರುವರ್ಷ ಗಂಡ ಎರಡು ಸಾವಿರ ರೂಪಾಯಿ ತಗಂಡು ಬಿಟ್ಟ. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರ್ ಓದಿ ಬಂದ್ರು.

ಇದನ್ನ ಕೇಳಿ ಅಮ್ಮಮ್ಮ, “ದುಡ್ಡು ಯಾರು ಯಾರಿಗೆ ಕೊಟ್ಟದ್ದು?” ಹೇಳಿ ಎರಡು ಸಲ ಕೇಳ್ತು. “ಹಂಗಾರೆ ತನ್ನ ತಾನೇ ಕೊಂಡ್ಕಂಡ್ತು” ಹೇಳಿ, ಮತ್ತೆ ಸುಲಿಯಲೆ ಶುರು ಮಾಡ್ತು.

ಇನ್ನೊಬ್ಬರು ನಂಜನಗೂಡು ತಿರುಮಲಾಂಬ. ಹುಟ್ಟಿದ್ದು ಇದೇ 1887ರ ಮಾರ್ಚಲ್ಲಿ. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವಿಧವೆ. ಮೈಸೂರು ಸಂಸ್ಥಾನದಲ್ಲಿ 1894ರಿಂದಲೇ ಕಾನೂನು ಇತ್ತು, ಆದ್ರೆ ಅದು ತಡೆದದ್ದು ಎಂಟರ ಒಳಗಿನ ಕೂಸಿನ ಮದುವೆಯನ್ನ, ಮತ್ತೆ ಐವತ್ತು ದಾಟಿದವ ಹದಿನಾಲ್ಕರ ಒಳಗಿನದ್ದನ್ನ ಕಟ್ಟಿಕೊಳ್ಳದನ್ನ. ಹತ್ತು ವರ್ಷದ ಹುಡುಗಿ ಸಾಮಾನ್ಯ ಮದುವೆಗೆ ಅದರಲ್ಲಿ ಅಡ್ಡಿ ಇತ್ತಿಲ್ಲೆ. ತಿರುಮಲಾಂಬ ಮನೇಲಿ ಕೂತೇ ಓದಿ, 1913ರಲ್ಲಿ ‘ಸತಿಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ, ‘ಸುಶೀಲೆ’ಯಂಥ ಕಾದಂಬರಿ ಬರೆದು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದ್ರು. ಯಂಗ್ಳ ಪರೀಕ್ಷೆಲಿ ಅವ್ರ ಮೇಲೆ ಪ್ರಶ್ನೆಯೇ ಬತ್ತಿತ್ತಿಲ್ಲೆ.

ಈಗ ಮದುವೆಮನೆಲಿ ಊಟಕ್ಕೆ ಕೂತ್ರೆ ಒಂದೇ ಸುದ್ದಿ. ತೋಟ ಇದ್ದ ಮಾಣಿಗೆ ಕೂಸು ಸಿಕ್ತಿಲ್ಲೆ, ಎಲ್ಲ ಬೆಂಗಳೂರೇ ಬೇಕು ಹೇಳ್ತ. ಮೊನ್ನೆ ಪಂಕ್ತಿಲಿ ಒಬ್ಬ ಮಾವ, “ಮತ್ತೆ ತೆರ ಕೊಡ ಕಾಲ ಬಂತು, ರೇಟು ಎಷ್ಟೋ ಏನೋ” ಹೇಳಿ ಹೊಟ್ಟೆ ಹಿಡ್ಕಂಡು ನಗ್ಯಾಡಿದ. ಸುತ್ತ ಕೂತವ್ರೂ ನಗ್ಯಾಡಿದ. ಬಡಿಸ್ತಾ ಇದ್ದ ಯನ್ನ ಅತ್ತಿಗೆಮಗಳು, ಎಂ.ಎಸ್ಸಿ. ಓದಿದ ಕೂಸು, ತಂಬುಳಿ ಸೌಟು ಪಾತ್ರೆಲೇ ಬಿಟ್ಟು, ಅವನ ಬಾಳೆಗೆ ಬಡಿಸದೆ ಮುಂದಿನ ಬಾಳೆಗೆ ಹೋತು.

ನಿಂಗಳ ಮನೆಲೂ ಅಡಿಕೆ ಕೊಟ್ಟು ತಂದ ಒಬ್ಬ ದೊಡ್ಡಜ್ಜಿ ಇದ್ದಿಕ್ಕು. ಹೆಸರು ಯಾರಿಗಾದ್ರೂ ನೆಂಪಿದ್ರೆ ಬಪ್ಪ ತಿಂಗಳು ಯಂಗ್ಳ ಮನೆ ತಿಥಿಗೆ ಬಂದಾಗ ಹೇಳಿ, ಬರದು ಇಟ್ಕತ್ತಿ. ಅಮ್ಮಮ್ಮನ ಅಜ್ಜಿ ಹೆಸರು ಗಂಗೆ.