ಅಪ್ಪನ ಪಂಪ್‌ಸೆಟ್ಟು, ನನ್ನ ಡೀಸೆಲ್ ಕಾರು

2016ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಪುಣೆಯ ಚಿಂಚವಡದಲ್ಲಿ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿದ್ದೆ. ಎದುರಿಗೆ 2012ರ ಬಿಳಿ ಸ್ವಿಫ್ಟ್ ಡಿಸೈರ್, ಡೀಸೆಲ್. ಓಡಿದ್ದು 78,000 ಕಿ.ಮೀ. ಜೊತೆಗೆ ಬಂದಿದ್ದ ಮರಾಠಿ ಮೆಕ್ಯಾನಿಕ್ ಮಾಲೀಕರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದ: "ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ." ಡೀಸೆಲ್ ಇಂಜಿನ್ನಿನ ನಿಜವಾದ ಆರೋಗ್ಯ ಗೊತ್ತಾಗುವುದು ಅದು ತಣ್ಣಗಿರುವಾಗಲೇ. ಕೀಲಿ ತಿರುಗಿಸಿದೊಡನೆ ಹೊತ್ತಿಕೊಂಡಿತು. ಬಿಳಿ ಹೊಗೆ ಇಲ್ಲ, ನೀಲಿ ಹೊಗೆ ಇಲ್ಲ. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದು ನೋಡಿದ, ಗಾಳಿ ಒತ್ತಿ ಬರುತ್ತಿರಲಿಲ್ಲ. ಕೊನೆಗೆ ಸೈಲೆನ್ಸರಿನ ಬಾಯೊಳಗೆ ಬೆರಳು ಆಡಿಸಿ ನನ್ನ ಮುಂದೆ ಹಿಡಿದ. ಬೆರಳು ಕಾಡಿಗೆಯಂತೆ ಕಪ್ಪಾಗಿತ್ತು. "ಡೀಸೆಲ್ ಆಹೆ, ಎವಢಂ ತರ್ ಅಸಣಾರಚ್" ಅಂದ. ಡೀಸೆಲ್ ಅಲ್ಲವೇ, ಇಷ್ಟು ಇದ್ದದ್ದೇ.

ಆ ಕಪ್ಪು ಬೆರಳು ಕಂಡಾಗ ನನಗೆ ನೆನಪಾದದ್ದು ಅಪ್ಪನ ಕೈ. ಗೋಕಾಕ ತಾಲೂಕಿನ ನಮ್ಮ ಹೊಲದಲ್ಲಿ, ಬಾವಿಯ ದಂಡೆಯ ಮೇಲೆ ಐದು ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ಟು ಇತ್ತು. ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ಗರಗರ ತಿರುಗಿಸಿ, ಗಾಲಿಗೆ ವೇಗ ಬಂದ ಗಳಿಗೆಗೆ ಸರಿಯಾಗಿ ಲಿವರ್ ಬಿಡಬೇಕು. ಟುಕು ಟುಕು ಎಂದು ಶುರುವಾದರೆ ಹರದಾರಿ ದೂರಕ್ಕೆ ಕೇಳುತ್ತಿತ್ತು. ಶುರುವಾಗದಿದ್ದರೆ ಅಪ್ಪನ ಬೈಗುಳ ಅಷ್ಟೇ ದೂರಕ್ಕೆ ಕೇಳುತ್ತಿತ್ತು.

ಕಾರು ಕೊಂಡೆ. ಆದರೆ ಅಪ್ಪನ ಇಂಜಿನ್ನಿನಿಂದ ನನ್ನ ಇಂಜಿನ್ನಿನವರೆಗಿನ ದಾರಿ ಯಾವುದು ಎಂಬ ಪ್ರಶ್ನೆ ಮಾತ್ರ ಒಂಬತ್ತು ವರ್ಷ ಬಿಡಲಿಲ್ಲ.

ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ಓಡಿಸಿದ್ದು 1897ರಲ್ಲಿ. ಉಪಾಯ ಸರಳ. ಕಿಡಿ ಬೇಡ. ಗಾಳಿಯನ್ನೇ ವಿಪರೀತ ಒತ್ತಿದರೆ ಅದು ಕಾದ ಕೆಂಡದಂತಾಗುತ್ತದೆ. ಅದರೊಳಗೆ ಎಣ್ಣೆ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದಿನ ಉಗಿಯಂತ್ರಗಳು ಇಂಧನದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲನ್ನು ದುಡಿಸಿಕೊಂಡರೆ ಹೆಚ್ಚು. ಡೀಸೆಲ್ಲನ ಇಂಜಿನ್ ಕಾಲು ಭಾಗವನ್ನು ದುಡಿಸಿಕೊಂಡಿತು. ಆದರೆ ಆ ಒತ್ತಡ ತಡೆಯಲು ಇಂಜಿನ್ ದಪ್ಪವಾಗಿ, ಭಾರವಾಗಿ ಇರಬೇಕಿತ್ತು. ಹಾಗಾಗಿ ಅದು ಮೊದಲು ಹೋದದ್ದು ಕಾರ್ಖಾನೆಗೆ, ಹಡಗಿಗೆ, ಆಮೇಲೆ ಲಾರಿಗೆ. ಮರ್ಸಿಡಿಸ್ ಬೆಂಜ್ 260ಡಿ ಎಂಬ ಡೀಸೆಲ್ ಕಾರು ಬಂದದ್ದು 1936ರಲ್ಲಿ. ಡೀಸೆಲ್ ಅದನ್ನು ನೋಡಲಿಲ್ಲ. 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾಗಿದ್ದ.

ನಮ್ಮಲ್ಲಿ ಡೀಸೆಲ್ಲಿನ ಕಥೆಗೂ ಕನ್ನಡ ನೆಲಕ್ಕೂ ಹತ್ತಿರದ ನಂಟಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ಮಾಡಿ, ಮುಂದೆ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯ ಖಡಕಿಯಲ್ಲಿ ಆರಂಭವಾಯಿತು. ಇನ್ನು ಡೀಸೆಲ್ ಇಂಜಿನ್ನಿನ ಹೃದಯವೆಂದರೆ ಎಣ್ಣೆ ಚಿಮುಕಿಸುವ ಪಂಪು ಮತ್ತು ನಾಝಲ್. ಅದನ್ನು ದೇಶಕ್ಕೆಲ್ಲ ಮಾಡಿಕೊಟ್ಟದ್ದು 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಆಡುಗೋಡಿಯ ಮೈಕೋ. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ಬೆಂಗಳೂರಿನಲ್ಲಿ ಮೈಕೋ ಲೇಔಟ್ ಎಂಬ ಹೆಸರು ಉಳಿದಿದೆ. ಅಪ್ಪನಿಗೆ ಬೆಂಗಳೂರು ಅಂದರೆ ವಿಧಾನಸೌಧಕ್ಕಿಂತ ಮೊದಲು ಮೈಕೋ. ನಾಝಲ್ ಕೆಟ್ಟರೆ ಗೋಕಾಕಿನ ಅಂಗಡಿಯಲ್ಲಿ ಅದೇ ಹೆಸರು ಹೇಳಿ ಕೇಳುತ್ತಿದ್ದ.

ಸ್ವಾತಂತ್ರ್ಯದ ನಂತರ ಪೆಟ್ರೋಲು ಮತ್ತು ಡೀಸೆಲ್ ಎರಡು ಜಾತಿಯಾದವು. ಪೆಟ್ರೋಲು ಕಾರು, ಸ್ಕೂಟರ್ ಇದ್ದವರದು, ಅದಕ್ಕೆ ತೆರಿಗೆ ಹೆಚ್ಚು. ಡೀಸೆಲ್ ಲಾರಿಯದು, ಬಸ್ಸಿನದು, ಟ್ರ್ಯಾಕ್ಟರಿನದು, ಪಂಪ್‌ಸೆಟ್ಟಿನದು, ಅದರ ಬೆಲೆ ಕಡಿಮೆ ಇರಬೇಕು. ಡೀಸೆಲ್ ಏರಿದರೆ ತರಕಾರಿ ಏರುತ್ತದೆ, ಬಸ್ ಟಿಕೆಟ್ ಏರುತ್ತದೆ, ರೈತ ಸಾಯುತ್ತಾನೆ ಎಂಬುದು ಎಲ್ಲ ಪಕ್ಷಗಳೂ ಒಪ್ಪಿದ್ದ ಮಾತು. ಈ ಲೆಕ್ಕದಲ್ಲಿ ತಪ್ಪಿರಲಿಲ್ಲ, ಡೀಸೆಲ್ ಕಾರು ಎಂಬ ವಸ್ತು ಇಲ್ಲದಿರುವವರೆಗೆ.

1980ರ ಆಸುಪಾಸಿನಲ್ಲಿ ಅಂಬಾಸಿಡರ್ ಡೀಸೆಲ್ ಬಂತು. ಒಂದೂವರೆ ಲೀಟರಿನ ಇಂಜಿನ್, ಶಕ್ತಿ 40 ಅಶ್ವಶಕ್ತಿಯ ಆಸುಪಾಸು, ಸದ್ದು ಲಾರಿಯದು. ಅದನ್ನು ಕೊಂಡವರು ಹೆಚ್ಚಾಗಿ ಟ್ಯಾಕ್ಸಿಯವರು. ಮಧ್ಯಮವರ್ಗದ ಮನೆಗೆ ಡೀಸೆಲ್ ಕಾರು ನಿಜವಾಗಿ ಹೊಕ್ಕದ್ದು 1998ರ ಕೊನೆಯಲ್ಲಿ, ಟಾಟಾ ಇಂಡಿಕಾದ ಜೊತೆ. ಇಟಲಿಯ ಟ್ಯೂರಿನ್ನಿನ ವಿನ್ಯಾಸ. ಆಸ್ಟ್ರೇಲಿಯಾದಲ್ಲಿ ನಿಸ್ಸಾನ್ ಮುಚ್ಚಿದ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಹಡಗಿನಲ್ಲಿ ತಂದು ಪಿಂಪ್ರಿಯಲ್ಲಿ ಜೋಡಿಸಿದ ಅಸೆಂಬ್ಲಿ ಲೈನು. ಅಂದರೆ ನಮ್ಮ ಮೊದಲ ಸ್ವದೇಶಿ ಸಣ್ಣ ಕಾರು ಹುಟ್ಟಿದ್ದೇ ಸೆಕೆಂಡ್ ಹ್ಯಾಂಡ್ ತೊಟ್ಟಿಲಲ್ಲಿ! ಜನ ಮುಗಿಬಿದ್ದರು. ಎರಡು ವರ್ಷದೊಳಗೆ ಬಿಡದಿಯಿಂದ ಟೊಯೊಟಾ ಕ್ವಾಲಿಸ್ ಹೊರಟಿತು. ಐಟಿ ಕಂಪನಿಗಳ ಪಿಕಪ್ ಗಾಡಿ ಎಂದರೆ ನಮ್ಮ ಪೀಳಿಗೆಗೆ ಅದೇ ನೆನಪು.

ಆದರೂ ಇಂಡಿಕಾ ಗಡಗಡ ಎನ್ನುತ್ತಿತ್ತು. ಆ ಗಡಗಡ ನಿಲ್ಲಿಸಿದ್ದು ಕಾಮನ್ ರೇಲ್ ತಂತ್ರ. ಒಂದೇ ಕೊಳವೆಯಲ್ಲಿ ಎಣ್ಣೆಯನ್ನು ಸಾವಿರಕ್ಕೂ ಮೀರಿದ ವಾಯುಭಾರದಲ್ಲಿ ತುಂಬಿಟ್ಟು, ಕಂಪ್ಯೂಟರ್ ಹೇಳಿದ ಕ್ಷಣಕ್ಕೆ, ಹೇಳಿದಷ್ಟು ಹನಿ ಸಿಲಿಂಡರಿಗೆ ಬಿಡುವುದು. ಫಿಯೆಟ್ ಬಳಗ ಇದನ್ನು ಬೆಳೆಸಿ ಬಾಷ್‌ಗೆ ಮಾರಿತು. 1997ರಲ್ಲಿ ಆಲ್ಫಾ ರೋಮಿಯೊ 156ರಲ್ಲಿ ಮೊದಲು ಬಂತು. ಅದರ ಚಿಕ್ಕ ಮಗು 1248 ಸಿಸಿಯ ಮಲ್ಟಿಜೆಟ್. 2007ರಲ್ಲಿ ಸ್ವಿಫ್ಟಿನೊಳಗೆ ಕೂತು ಭಾರತಕ್ಕೆ ಹೊಸ ರುಚಿ ಹತ್ತಿಸಿತು. ಮನೇಸರದಲ್ಲೂ, ಪುಣೆಯಿಂದ 50 ಕಿ.ಮೀ. ದೂರದ ರಾಂಜಣಗಾವಿನಲ್ಲೂ ತಯಾರಾಗಿ ಮಾರುತಿ, ಟಾಟಾ, ಫಿಯೆಟ್ ಕಾರುಗಳಿಗೆಲ್ಲ ಹೋದ ಇದನ್ನು ಪತ್ರಿಕೆಗಳು 'ರಾಷ್ಟ್ರೀಯ ಇಂಜಿನ್' ಎಂದೇ ಕರೆದವು. ನಾನು ಕೊಂಡ ಕಾರಿನಲ್ಲಿರುವುದೂ ಇದೇ.

ಈಗ ಬೆಲೆಯ ಕಡೆ ಬನ್ನಿ. 2010ರ ಜೂನಿನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ನಿಯಂತ್ರಣ ಬಿಟ್ಟಿತು, ಡೀಸೆಲ್ಲಿನದು ಬಿಡಲಿಲ್ಲ. ಎರಡರ ನಡುವಿನ ಕಂದಕ ಬೆಳೆಯುತ್ತ ಹೋಗಿ, 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73.18 ರೂಪಾಯಿ, ಡೀಸೆಲ್ 40.91 ರೂಪಾಯಿ ಆಯಿತು. ಪೆಟ್ರೋಲ್ ಕಾರು ಲೀಟರಿಗೆ 14, ಡೀಸೆಲ್ ಕಾರು 18 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. ಸಾವಿರ ಕಿಲೋಮೀಟರಿಗೆ ಸುಮಾರು 2,950 ರೂಪಾಯಿ ಉಳಿತಾಯ. ಕಾರಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೂ 34,000 ಕಿಲೋಮೀಟರಿಗೆ ವಸೂಲಿ. ದಿನಾ ಆಫೀಸಿಗೆ ಓಡಾಡಿ, ತಿಂಗಳಿಗೊಮ್ಮೆ ಊರಿಗೆ ಹೋಗುವವನಿಗೆ ಎರಡು ವರ್ಷ ಸಾಕು. ಆ ವರ್ಷಗಳಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಆದದ್ದರಲ್ಲಿ ಆಶ್ಚರ್ಯವೇನಿದೆ?

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಕಿರೀಟ್ ಪಾರೀಖ್ ಸಮಿತಿ 2010ರಲ್ಲೇ ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಿ ಎಂದಿತ್ತು. ಹಾಕಲಿಲ್ಲ. 2012ರ ಜೂನಿನಲ್ಲಿ, ಅಂದರೆ ಆ ಬೆಲೆಯಂತರ ಶಿಖರಕ್ಕೇರಿದ ಮರುತಿಂಗಳೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತ ವರ್ಗಕ್ಕೆ ಸೇರಿಸಿತು. ನಮ್ಮ ಎಣ್ಣೆಯೂ ಒಂದೇ ಆಗಿರಲಿಲ್ಲ. ಆಗ ಪುಣೆಯಂಥ ಆಯ್ದ ನಗರಗಳಲ್ಲಿ ಬಿಎಸ್-4 ಡೀಸೆಲ್, ಗಂಧಕ 50 ಪಿಪಿಎಂ. ನಿಪ್ಪಾಣಿ ದಾಟಿ ಹಾಕಿಸಿದರೆ ಬಿಎಸ್-3, ಗಂಧಕ 350 ಪಿಪಿಎಂ. ನಗರಕ್ಕೊಂದು ಗಾಳಿ, ಹಳ್ಳಿಗೊಂದು ಗಾಳಿ.

ನನ್ನನ್ನು ನಿಜಕ್ಕೂ ಕುಟುಕಿದ್ದು ಮಾತ್ರ ಇನ್ನೊಂದು ಲೆಕ್ಕ. ಯಾರು ಎಷ್ಟು ಡೀಸೆಲ್ ಸುಡುತ್ತಾರೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಅಂಗಸಂಸ್ಥೆ ಮಾಡಿಸಿದ ಸಮೀಕ್ಷೆ 2014ರ ಜನವರಿಯಲ್ಲಿ ಹೊರಬಂತು. ಖಾಸಗಿ ಕಾರುಗಳ ಪಾಲು ಶೇ 13ರಷ್ಟು. ಟ್ರ್ಯಾಕ್ಟರು, ಪಂಪು ಎಲ್ಲ ಸೇರಿ ಇಡೀ ಕೃಷಿಯ ಪಾಲೂ ಶೇ 13ರಷ್ಟೇ. ಅದರೊಳಗೆ ಪಂಪ್‌ಸೆಟ್ಟಿನದು ಶೇ 3ರೊಳಗೆ. ನಮ್ಮ ಬಾವಿಗೆ ಆ ಹೊತ್ತಿಗೆ ಕರೆಂಟು ಬಂದಿತ್ತು. 2008ರಿಂದ ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ವಿದ್ಯುತ್ ಉಚಿತ. ಅಪ್ಪನ ಇಂಜಿನ್ ದನದ ಕೊಟ್ಟಿಗೆಯ ಮೂಲೆ ಸೇರಿತ್ತು. ಅವನ ಹೆಸರಿನಲ್ಲಿ ಅಗ್ಗವಾಗಿಟ್ಟ ಎಣ್ಣೆಯನ್ನು ಸುಡುತ್ತಿದ್ದವರು ಎಸಿ ಹಾಕಿಕೊಂಡು ಲೋನಾವಳೆಗೆ ಹೊರಟ ನನ್ನಂಥವರು.

ಆಮೇಲೆ ಚಕ್ರ ತಿರುಗಿತು. 2013ರ ಜನವರಿಯಿಂದ ಡೀಸೆಲ್ ತಿಂಗಳಿಗೆ 50 ಪೈಸೆಯಷ್ಟು ಏರುತ್ತ ಹೋಗಿ, 2014ರ ಅಕ್ಟೋಬರಿನಲ್ಲಿ ಪೂರ್ತಿ ನಿಯಂತ್ರಣಮುಕ್ತವಾಯಿತು. 2015ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿ ಸುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 2000 ಸಿಸಿ ಮತ್ತು ಮೇಲಿನ ಹೊಸ ಡೀಸೆಲ್ ಕಾರುಗಳ ನೋಂದಣಿಯನ್ನು ಅಲ್ಲಿ ಕೆಲ ತಿಂಗಳು ತಡೆಯಿತು. ಆ ಸುದ್ದಿಗೆ ಪುಣೆಯ ಮಾರಾಟಗಾರರೂ ಹೆದರಿದ್ದರು. ನಾನು ಚೌಕಾಸಿ ಮಾಡಿದ್ದು ಅದೇ ಹೆದರಿಕೆಯ ಮೇಲೆ. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದಾಗ ಗಂಧಕ 10 ಪಿಪಿಎಂಗೆ ಇಳಿಯಿತು, ಮಸಿ ಹಿಡಿಯುವ ಫಿಲ್ಟರ್ ಅನಿವಾರ್ಯವಾಯಿತು, ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಈಗ ಹಳೇ ಬಿಎಸ್-6 ಡೀಸೆಲ್ ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಆ ಫಿಲ್ಟರ್ ತನ್ನ ಮಸಿ ತಾನೇ ಸುಟ್ಟುಕೊಳ್ಳಲು ಹೆದ್ದಾರಿಯ ಓಟ ಬೇಕು. ಬರೀ ನಾಲ್ಕೈದು ಕಿ.ಮೀ. ಆಫೀಸ್ ಓಡಾಟಕ್ಕೆ ಅದು ಕಟ್ಟಿಕೊಳ್ಳುತ್ತದೆ.

ಧಾರವಾಡದಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ದೆಹಲಿಯಲ್ಲಿದ್ದಾನೆ. ಅವನದೂ 2012ರ ಡೀಸೆಲ್ ಡಿಸೈರ್, ಹೊಸದಾಗಿ ಕೊಂಡದ್ದು. 2022ಕ್ಕೆ ಅದರ ಆಯುಸ್ಸು ಮುಗಿಯಿತು. ದಲ್ಲಾಳಿಯೊಬ್ಬ ಆರ್‌ಟಿಒ ಎನ್‌ಒಸಿ ಮಾಡಿಸಿ, ಸಿಕ್ಕಷ್ಟು ಬೆಲೆಗೆ ರಾಜಸ್ಥಾನದ ಒಂದು ಸಣ್ಣ ಊರಿಗೆ ಒಯ್ದ. ಗೆಳೆಯನ ಮಗಳು ನವೆಂಬರ್ ಬಂದರೆ ಇನ್‌ಹೇಲರ್ ಬಿಟ್ಟು ಹೊರಗೆ ಹೋಗುವುದಿಲ್ಲ. "ಕಾರು ಹೋದದ್ದಕ್ಕೆ ಬೇಜಾರಿಲ್ಲ. ಆದರೆ ಹೊಗೆ ಕಡಿಮೆಯಾಗಲಿಲ್ಲ ನೋಡು, ವಿಳಾಸ ಬದಲಾಯಿತು ಅಷ್ಟೇ" ಅಂದ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿನ ಕಾರಣಕ್ಕೇ ಮಾಲೀಕರ ಮೇಲೆ ಸದ್ಯಕ್ಕೆ ಬಲವಂತದ ಕ್ರಮ ಬೇಡ ಎಂದಾಗ ಫೋನ್ ಮಾಡಿ ನಕ್ಕ. ಅವನ ಕಾರು ಹೋಗಿ ಮೂರು ವರ್ಷವಾಗಿತ್ತು.

ಅದೇ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ತಮ್ಮ ಕೇಳಿದ: "ಅಣ್ಣಾ, ಈ ಗಾಡಿ ಮಾರೂದಿದ್ರ ನನಗ ಕೊಡು." ಹುಡುಗರನ್ನು ಶಾಲೆಗೆ ಬಿಡಲು, ಅವ್ವನನ್ನು ದವಾಖಾನೆಗೆ ಒಯ್ಯಲು ಅವನಿಗೆ ಕಾರು ನಿಜವಾಗಿ ಬೇಕು. ನಾನು ಲೆಕ್ಕ ಒಪ್ಪಿಸಿದೆ. ಮಹಾರಾಷ್ಟ್ರದ ಎನ್‌ಒಸಿ ತೆಗೆಸಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು, 2027ಕ್ಕೆ ಹದಿನೈದು ವರ್ಷ ತುಂಬಿ ಮತ್ತೆ ಫಿಟ್‌ನೆಸ್ ಪರೀಕ್ಷೆ, ಮರುನೋಂದಣಿ. ಇಂಜೆಕ್ಟರ್ ಕೆಟ್ಟರೆ ನಾಝಲ್ಲಿನಂತೆ ಗೋಕಾಕಿನ ಅಂಗಡಿಯಲ್ಲಿ ಬಿಚ್ಚಿ ಕೂರಿಸಲಾಗದು. ಅದರ ಬದಲು ಹಳೇ ಪೆಟ್ರೋಲ್ ಕಾರು ನೋಡೋಣ, ಒಂದಿಷ್ಟು ದುಡ್ಡು ನಾನೂ ಹಾಕುತ್ತೇನೆ ಅಂದೆ. ಹೊಗೆಯ ಮಾತನ್ನೂ ಆಡಿದೆ.

ಅವನು ಕೇಳಿಸಿಕೊಂಡು, "ನೀ ತಿಂಗಳಿಗೆ ಎಷ್ಟು ಓಡಸ್ತಿ?" ಅಂದ. ಸಾವಿರದ ಏಳುನೂರು ಕಿಲೋಮೀಟರ್ ಅಂದೆ. "ನಾ ಓಡಸೂದು ಮುನ್ನೂರು. ಹೊಗಿ ಯಾರದು ಜಾಸ್ತಿ?"

ಉತ್ತರ ಇರಲಿಲ್ಲ. ಈಗ ಪಿಂಪ್ರಿಯಿಂದ ಸಿವಿಲ್ ಕೋರ್ಟಿನವರೆಗೆ ಒಂದು ಮೆಟ್ರೋ, ಅಲ್ಲಿಂದ ರಾಮವಾಡಿಗೆ ಇನ್ನೊಂದು, ಮುಂದೆ ಖರಾಡಿಯ ಆಫೀಸಿಗೆ ಬಸ್ಸು ಅಥವಾ ಆಟೋ. ಕಾರಿಗಿಂತ ಇಪ್ಪತ್ತು ನಿಮಿಷ ಹೆಚ್ಚು. ಕಾರು ಊರಿಗೆ ಹೋಗುವ ದಿನ ಮಾತ್ರ ಹೊರಡುತ್ತದೆ. ತಮ್ಮನಿಗೆ ಪೆಟ್ರೋಲ್ ಕಾರು ಇನ್ನೂ ಹುಡುಕುತ್ತಿದ್ದೇವೆ. ಹೊರಡುವ ದಿನ ಕೊಟ್ಟಿಗೆಯ ಮೂಲೆಯ ಇಂಜಿನ್ ತೋರಿಸಿ, ಇದನ್ನೂ ಗುಜರಿಗೆ ಹಾಕಬಾರದೇ ಎಂದು ಕೇಳಿದೆ. ತಮ್ಮ ತಲೆಯಾಡಿಸಿದ.

"ಇರಲಿ ಬಿಡು. ನಮ್ಮ ಮನ್ಯಾಗ ಹೊಸಾದು ಅಂತ ತಂದದ್ದು ಅದೊಂದೇ."