ಹವಳದ ದಿಬ್ಬ: ಕಟ್ಟಿದ್ದು ಹೇಗೆ, ತಾಳುವುದು ಎಷ್ಟು?

ಹವಳವೆಂದರೆ ವೇಮಗಲ್ ಕಡೆಯ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಕರಿಮಣಿ ಸರದಲ್ಲಿ ಪೋಣಿಸಿದ ಕೆಂಪು ಮಣಿ. ಅದು ನಿಜವಾದ ಹವಳವೇ ಆಗಿದ್ದರೆ ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದಿಂದ ಬಂದದ್ದು. ಆ ಜಾತಿಯ ಹವಳ ಆಭರಣಕ್ಕೆ ಒದಗುತ್ತದೆ, ದ್ವೀಪಗಳನ್ನು ಕಟ್ಟುವುದಿಲ್ಲ. ದ್ವೀಪಗಳನ್ನೇ ಕಟ್ಟುವ ಹವಳಗಳು ಬೇರೆ. ನಮ್ಮ ರಾಜ್ಯದಲ್ಲಿ ಅವುಗಳನ್ನು ನೋಡಬೇಕಾದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಅವುಗಳ ದೊಡ್ಡ ಸಾಮ್ರಾಜ್ಯವಿರುವುದು ಇನ್ನೂ ಪಶ್ಚಿಮಕ್ಕೆ, ಲಕ್ಷದ್ವೀಪದಲ್ಲಿ.

ಲಕ್ಷದ್ವೀಪ ನಮಗೆ ತೀರ ಪರಕೀಯವಲ್ಲ. ಅದರ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ದ್ವೀಪಗಳು 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಸೇರಿದ್ದವು. 1799ರ ನಂತರ ಬ್ರಿಟಿಷರ ಕೈಸೇರಿದ ಇವು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಆ ನೆಲದ ಮರಳೂ ಹವಳದ್ದೇ, ಅಲೆಯ ಹೊಡೆತವನ್ನು ತಡೆಯುವ ಗೋಡೆಯೂ ಹವಳದ್ದೇ.

ಇಂಥ ದಿಬ್ಬಗಳ ಬಗ್ಗೆ ವಿಜ್ಞಾನಿಗಳು ಸುಮಾರು ಇನ್ನೂರು ವರ್ಷಗಳಿಂದ ಒಂದಾದ ಮೇಲೊಂದು ಮೂರು ಪ್ರಶ್ನೆಗಳನ್ನು ಕೇಳುತ್ತ ಬಂದಿದ್ದಾರೆ. ಮೊದಲನೆಯದು, ಇವು ಹುಟ್ಟಿದ್ದು ಹೇಗೆ? ದಿಬ್ಬ ಕಟ್ಟುವ ಹವಳ ಬಿಸಿಲು ತಲುಪುವಷ್ಟು ಆಳದಲ್ಲಿ ಮಾತ್ರ ಬೆಳೆಯುತ್ತದೆ. ಹಾಗಿದ್ದರೆ ಮಹಾಸಾಗರದ ನಡುವೆ ಬಳೆಯ ಆಕಾರದ ದ್ವೀಪಗಳು ಎದ್ದುದು ಎಲ್ಲಿಂದ? ಇದಕ್ಕೆ ಉತ್ತರ ಕೊಟ್ಟವನು ಚಾರ್ಲ್ಸ್ ಡಾರ್ವಿನ್. ಜ್ವಾಲಾಮುಖಿಯ ಬೆಟ್ಟ ನಿಧಾನವಾಗಿ ಮುಳುಗುತ್ತದೆ, ಅದರ ಸುತ್ತಲಿನ ಹವಳ ಅಷ್ಟೇ ನಿಧಾನವಾಗಿ ಮೇಲಕ್ಕೆ ಬೆಳೆಯುತ್ತದೆ, ಕೊನೆಗೆ ಬೆಟ್ಟ ಮರೆಯಾಗಿ ಬಳೆ ಉಳಿಯುತ್ತದೆ ಎಂದು ಅವನು 1842ರ ತನ್ನ ಪುಸ್ತಕದಲ್ಲಿ ವಾದಿಸಿದ. ಇದನ್ನು ಪರೀಕ್ಷಿಸಲು 1896ರಿಂದ 1898ರವರೆಗೆ ಲಂಡನ್ನಿನ ರಾಯಲ್ ಸೊಸೈಟಿ ಪೆಸಿಫಿಕ್ ಸಾಗರದ ಫುನಾಫುಟಿಯಲ್ಲಿ ಸುಮಾರು 340 ಮೀಟರ್ ಆಳ ಕೊರೆಯಿಸಿತು. ಜ್ವಾಲಾಮುಖಿಯ ಶಿಲೆ ಸಿಗಲಿಲ್ಲ. 1952ರಲ್ಲಿ ಎನಿವೆಟಾಕ್ ದ್ವೀಪದಲ್ಲಿ 1,200 ಮೀಟರಿಗೂ ಆಳಕ್ಕೆ ಕೊರೆದಾಗ ಅದು ಸಿಕ್ಕಿತು. ಡಾರ್ವಿನ್ನನ ಊಹೆ ನಿಜವೆಂದು ತೋರಲು 110 ವರ್ಷ ಹಿಡಿಯಿತು.

ಎರಡನೆಯ ಪ್ರಶ್ನೆ, ಹವಳದ ಬದುಕು ನಡೆಯುವುದು ಹೇಗೆ? ಹವಳ ಕಲ್ಲಿನಂತೆ ಕಂಡರೂ ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ವಸಾಹತು. ಪಾಲಿಪ್ ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಏಕಕೋಶದ ಪಾಚಿ ಬಾಡಿಗೆದಾರನಂತೆ ವಾಸಿಸುತ್ತದೆ. ಬಿಸಿಲಿನಲ್ಲಿ ಪಾಚಿ ತಯಾರಿಸುವ ಆಹಾರದ ಬಹುಪಾಲು ಹವಳಕ್ಕೆ ಸಲ್ಲುತ್ತದೆ. ಹವಳಕ್ಕೆ ಕಂದು, ಹಸಿರಿನ ಛಾಯೆ ಬರುವುದೂ ಮುಖ್ಯವಾಗಿ ಈ ಪಾಚಿಯಿಂದಲೇ. 1928–29ರಲ್ಲಿ ಸಿ. ಎಂ. ಯಂಗ್ ಅವರ ನೇತೃತ್ವದಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ತಂಡ ಈ ಸಹಜೀವನವನ್ನು ಅಭ್ಯಸಿಸಿತು. ನೀರು ಅತಿಯಾಗಿ ಬಿಸಿಯಾದಾಗ ಹವಳ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುವುದನ್ನೂ ದಾಖಲಿಸಿತು. ಆಗ ಅದು ಪ್ರಕೃತಿಯ ಒಂದು ವಿಚಿತ್ರವೆಂದು ಮಾತ್ರ ಕಂಡಿತ್ತು.

ಆ ವಿಚಿತ್ರವೇ ಮೂರನೆಯ ಪ್ರಶ್ನೆಯಾದದ್ದು 1998ರಲ್ಲಿ. ಪ್ರಬಲವಾದ ಎಲ್ ನಿನೊ ಆ ವರ್ಷ ಸಮುದ್ರಗಳನ್ನು ಕಾಯಿಸಿತು. ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೂ ಸಾಕು, ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಉಪವಾಸವಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ. ತಡವಾದರೆ ಹವಳ ಸಾಯುತ್ತದೆ. ಆ ವರ್ಷ ಭಾರತದ ಮೂರು ಕಡೆ ಸಮೀಕ್ಷೆ ನಡೆಸಿದ ರೋಹನ್ ಆರ್ಥರ್ ಅವರ ವರದಿ 2000ದಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಛ್ ಕೊಲ್ಲಿಯಲ್ಲಿ ಸರಾಸರಿ ಶೇಕಡ 11ರಷ್ಟು, ಲಕ್ಷದ್ವೀಪದಲ್ಲಿ 82ರಷ್ಟು, ಮನ್ನಾರ್ ಕೊಲ್ಲಿಯಲ್ಲಿ 89ರಷ್ಟು ಹವಳ ಬಿಳಿಚಿತ್ತು.

ಅಲ್ಲಿಂದಾಚೆಗೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಆರ್ಥರ್ ಮತ್ತು ಅವರ ಸಂಗಡಿಗರು ಲಕ್ಷದ್ವೀಪದ ಅವೇ ದಿಬ್ಬಗಳಿಗೆ ಮತ್ತೆ ಮತ್ತೆ ಹೋಗಿ ನೀರಿಗಿಳಿದು ಅಳೆಯುತ್ತ ಬಂದಿದ್ದಾರೆ. 2010ರಲ್ಲಿ ಮತ್ತು 2016ರಲ್ಲಿ ಸಮುದ್ರ ಮತ್ತೆ ಕಾಯಿತು. ಅವರಿಗೆ ಕಂಡದ್ದು ಎರಡು ಸಂಗತಿ. ಪ್ರತಿ ಸಲವೂ ಹವಳದ ಸಾವಿನ ಪ್ರಮಾಣ ಹಿಂದಿನ ಸಲಕ್ಕಿಂತ ಕಡಿಮೆಯಾಗಿತ್ತು. ಬೇಗ ಬೆಳೆದು ಬೇಗ ಸಾಯುವ ಕವಲು ಹವಳಗಳು ಕಡಿಮೆಯಾಗಿ, ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿ ಬೆಳೆಯುವ ಗಟ್ಟಿ ಗುಂಡು ಹವಳಗಳು ಉಳಿದುಕೊಂಡಿದ್ದವು. ಇದು ಸಮಾಧಾನದ ಸುದ್ದಿ. ಆದರೆ ಪ್ರತಿ ಸಲವೂ ಚೇತರಿಕೆ ನಿಧಾನವಾಗಿತ್ತು. 1998ರಿಂದ 2022ರವರೆಗಿನ 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬಿಳಿಚುವಿಕೆಯಿಲ್ಲದ ಆರು ವರ್ಷಗಳಾದರೂ ಸಿಕ್ಕರೆ ಮಾತ್ರ ಚೇತರಿಕೆ ವೇಗ ಪಡೆಯುತ್ತದೆ ಎಂದು ಅವರ ಲೆಕ್ಕ ತೋರಿಸಿತು.

ಕೋಲಾರದ ರೈತರಿಗೆ ಈ ಲೆಕ್ಕ ಹೊಸದಲ್ಲ. ಒಂದು ವರ್ಷದ ಬರವನ್ನು ಊರು ಹೇಗೋ ತಾಳಿಕೊಳ್ಳುತ್ತದೆ. ಮುಂದಿನ ವರ್ಷ ಕೆರೆ ತುಂಬಿದರೆ ಕಳೆದದ್ದು ಮರಳುತ್ತದೆ. ಬರ ಬೆನ್ನುಬೆನ್ನಿಗೆ ಬಂದರೆ ಮೊದಲು ದನ ಮಾರಬೇಕು, ಆಮೇಲೆ ಬೀಜಕ್ಕಿಟ್ಟ ಕಾಳನ್ನೂ ತಿನ್ನಬೇಕು. ಎಷ್ಟು ದೊಡ್ಡ ಹೊಡೆತ ಬಿತ್ತು ಎಂಬುದರಷ್ಟೇ ಮುಖ್ಯ, ಎರಡು ಹೊಡೆತಗಳ ನಡುವೆ ಎಷ್ಟು ಬಿಡುವು ಸಿಕ್ಕಿತು ಎಂಬುದು.

ಹವಳಕ್ಕೆ ಆ ಬಿಡುವು ಕಡಿಮೆಯಾಗುತ್ತಿದೆ. 2023ರಲ್ಲಿ ಆರಂಭವಾದ ಬಿಸಿ ಜಗತ್ತಿನ ನಾಲ್ಕನೆಯ ಮಹಾ ಬಿಳಿಚುವಿಕೆಗೆ ಕಾರಣವಾಯಿತು. 2024ರಲ್ಲಿ ಲಕ್ಷದ್ವೀಪದ ಹವಳಗಳೂ ಮತ್ತೆ ಬಿಳಿಚಿದವು. ಕಲ್ಲು ಹವಳಗಳನ್ನು ಕೀಳುವುದನ್ನು 2001ರಿಂದ ವನ್ಯಜೀವಿ ಕಾಯಿದೆ ತಡೆಯುತ್ತದೆ. ದ್ವೀಪದವರು ಬಹುಕಾಲ ದಿಬ್ಬದ ಮೀನನ್ನು ಹೆಚ್ಚಾಗಿ ಹಿಡಿಯದೆ ಹೊರಸಮುದ್ರದಲ್ಲಿ ಗಾಳ ಹಾಕಿ ಟ್ಯೂನಾ ಹಿಡಿದು ಬದುಕಿದ್ದರಿಂದ, ಕಡಲ ಪಾಚಿಯನ್ನು ಮೇಯ್ದು ಹೊಸ ಹವಳಕ್ಕೆ ಜಾಗ ತೆರವು ಮಾಡುವ ಮೀನುಗಳು ಉಳಿದವು. ಇವೆರಡೂ ಹವಳಕ್ಕೆ ಒದಗುವ ನೆರವು. ಆದರೆ ಸಮುದ್ರವನ್ನು ಕಾಯಿಸುವ ಇಂಗಾಲದ ಡೈಆಕ್ಸೈಡ್ ಹೊಗೆ ಎಲ್ಲ ಊರುಗಳಿಂದಲೂ ಏಳುತ್ತದೆ. ಕಡಲಿಲ್ಲದ ನಮ್ಮ ಊರುಗಳಿಂದಲೂ. ಹವಳಕ್ಕೆ ತಾಳುವ ಶಕ್ತಿಯಿದೆ ಎಂಬುದು ಇಷ್ಟು ವರ್ಷಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಚೇತರಿಸಿಕೊಳ್ಳಲು ಬೇಕಾದ ವರ್ಷಗಳನ್ನು ಅದಕ್ಕೆ ಕೊಡಬೇಕಾದವರು ನಾವು.