ಬ್ಲ್ಯಾಕ್‌ಪಲ್ಲಿಯಿಂದ ಶಿವಾಜಿನಗರದ ಸುರಂಗ ನಿಲ್ದಾಣದವರೆಗೆ

ಬೆಂಗಳೂರಿನ ಶಿವಾಜಿನಗರಕ್ಕೆ ಹಿಂದೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿದ್ದುದನ್ನು ಇಂದಿನ ತರುಣರಲ್ಲಿ ಬಲ್ಲವರು ವಿರಳ. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯಾದುದರಿಂದ ಆ ಹೆಸರು ಬಂದಿತೆಂದು ಕೆಲವರೂ, ಬ್ಲ್ಯಾಕಿಸ್ಟನ್ ಎಂಬ ಆಂಗ್ಲ ಅಧಿಕಾರಿಯಿಂದ ಬಂದಿತೆಂದು ಇನ್ನು ಕೆಲವರೂ ಹೇಳುವರು. ಕಾಲಕ್ರಮದಲ್ಲಿ ಹೆಸರು ಅಳಿಯಿತು, ಊರು ಉಳಿಯಿತು.

1809ರಲ್ಲಿ ಬೆಂಗಳೂರಿಗೆ ದಂಡು ಬಂದು ನೆಲೆಸಿತು. ಅದರ ಬೆನ್ನಲ್ಲೇ ಕುಶಲಕರ್ಮಿಗಳೂ, ವ್ಯಾಪಾರಿಗಳೂ, ಕೂಲಿಕಾರರೂ ಬಂದರು. ಅವರಲ್ಲಿ ತಮಿಳು ನುಡಿಯುವವರು ಬಹುಮಂದಿ. ಫ್ರೆಂಚ್ ಧರ್ಮಗುರು ಅಬ್ಬೆ ದ್ಯುಬುವಾ ಅವರು 19ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಹುಲ್ಲುಹೊದಿಕೆಯ ಪ್ರಾರ್ಥನಾಮಂದಿರವನ್ನು ಸ್ಥಾಪಿಸಿದರು. ಅದೇ ಬೆಳೆದು 1882ರಲ್ಲಿ ಗಾಥಿಕ್ ಶೈಲಿಯ ಭವ್ಯ ದೇವಾಲಯವಾಯಿತು. 1974ರಲ್ಲಿ ಬಸಿಲಿಕಾ ಪದವಿಗೇರಿತು. ಸುತ್ತಮುತ್ತ ಮಸೀದಿಗಳೂ ಮಂದಿರಗಳೂ ಎದ್ದವು. 1868ರಲ್ಲಿ ಬೌರಿಂಗ್ ಆಸ್ಪತ್ರೆಯೂ, 1927ರಲ್ಲಿ ರಸೆಲ್ ಮಾರುಕಟ್ಟೆಯೂ ಬಂದವು.

ಇಂತಹ ಒತ್ತೊತ್ತಾದ ಪೇಟೆಯಲ್ಲಿ ಹೊಸ ರೈಲುಮಾರ್ಗಕ್ಕೆ ನೆಲದ ಮೇಲೆ ಎಡೆಯೆಲ್ಲಿ? ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಸುಮಾರು 21 ಕಿಲೋಮೀಟರ್ ಮೆಟ್ರೋ ಮಾರ್ಗದಲ್ಲಿ ಹದಿನಾಲ್ಕರಷ್ಟು ಸುರಂಗದಲ್ಲಿಯೇ ಸಾಗುವಂತೆ ಯೋಜಿಸಲಾಯಿತು. 'ಊರ್ಜಾ' ಎಂಬ ಯಂತ್ರವು ದಂಡು ನಿಲ್ದಾಣದ ಕಡೆಯಿಂದ 855 ಮೀಟರ್ ಕೊರೆದು, 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ಹೊರಬಂದಿತು.

2025ರ ಸೆಪ್ಟೆಂಬರ್‌ನಲ್ಲಿ, ಬಸಿಲಿಕಾದ ವಾರ್ಷಿಕೋತ್ಸವದ ಸಂದರ್ಭದಲ್ಲಿ, ನಿಲ್ದಾಣಕ್ಕೆ ಸಂತ ಮೇರಿಯವರ ಹೆಸರಿಡಲು ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿಗಳು ಭರವಸೆಯಿತ್ತರು. ಛತ್ರಪತಿ ಶಿವಾಜಿಯ ಹೆಸರಿಗೆ ಅಗೌರವವಾಗುವುದೆಂಬ ಆಕ್ಷೇಪವೂ ಒಡನೆಯೇ ಎದ್ದಿತು. ನಮ್ಮ ಜನರಿಗೆ ಆ ಭರವಸೆ ಹರ್ಷ ತಂದುದು ಸಹಜವೇ. ಆದರೆ ಬ್ಲ್ಯಾಕ್‌ಪಲ್ಲಿಯ ಇತಿಹಾಸ ಬಲ್ಲ ನಾವು ಒಂದು ಮಾತನ್ನು ಮರೆಯಬಾರದು. ಈ ಊರನ್ನು ಕಟ್ಟಿದವರು ಹೆಸರು ಕೊರೆಸಿಕೊಂಡವರಲ್ಲ. ಕಲ್ಲು ಹೊತ್ತವರು, ಹೂ ಮಾರಿದವರು, ರೋಗಿಗಳ ಶುಶ್ರೂಷೆ ಮಾಡಿದವರು. ಸೀರೆಯುಟ್ಟ ಮಾತೆಯ ಮುಂದೆ ಮೇಣದಬತ್ತಿ ಹಚ್ಚಲು ಬರುವವರಲ್ಲಿ ಅನ್ಯಧರ್ಮೀಯರೂ ಬಹಳ ಮಂದಿ. ಅವರನ್ನು ಯಾರೂ ಹೆಸರು ಕೇಳಿ ಒಳಬಿಟ್ಟುದಿಲ್ಲ.

ಫಲಕದ ಮೇಲೆ ಯಾವ ಹೆಸರೇ ಇರಲಿ, ಅದರ ನಿಮಿತ್ತ ನೆರೆಹೊರೆಯವರ ಮನಸ್ಸು ಮುರಿಯದಿರಲಿ. ಎರಡು ಶತಮಾನಗಳಿಂದ ಈ ನೆಲ ಕಾಪಾಡಿಕೊಂಡು ಬಂದ ಆಸ್ತಿ ಅದೊಂದೇ. ಅದನ್ನು ಮುಂದಿನವರಿಗೆ ಒಪ್ಪಿಸುವ ಹೊಣೆ ನಮ್ಮದು.